ತಮಟೆಗೆ ಮೂರು ಕೊಟೇಶನ್

ಮತ್ತೆ ರಾಜ್ಯ ಸರ್ಕಾರದ ಆ ಪ್ರಕಟಣೆ ಬಂದಿದೆ. ನೀವೂ ನೋಡಿರುತ್ತೀರಿ, ಪೇಪರಿನ ಒಳಪುಟದಲ್ಲಿ, ಶ್ರದ್ಧಾಂಜಲಿ ಫೋಟೊಗಳ ಪಕ್ಕ. ಅವಕಾಶವಂಚಿತ ಯುವಜನರಿಗಾಗಿ 'ಎಲ್ಲರನ್ನೂ ಒಳಗೊಳ್ಳುವ' ಸಂಗೀತ ಕಾರ್ಯಕ್ರಮ ನಡೆಸುವ ಸಂಸ್ಥೆಗಳಿಗೆ ಧನಸಹಾಯ, ಅರ್ಜಿ ಆಹ್ವಾನಿಸಲಾಗಿದೆ. ಕೊನೆಯ ದಿನಾಂಕ ನಾಳಿದ್ದು.

ನನ್ನ ಗೆಳೆಯನೊಬ್ಬ ಕೋಲಾರದ ಕಡೆ ಮೇಷ್ಟ್ರು. ಸಂಜೆ ಹೊತ್ತು ಪೌರಕಾರ್ಮಿಕರ ಕಾಲೊನಿಯ ಮಕ್ಕಳಿಗೆ ತಮಟೆ, ಹಾರ್ಮೋನಿಯಂ ಹೇಳಿಕೊಡುತ್ತಾನೆ. ಕಳೆದ ಸಲ ಆಸೆಪಟ್ಟು ಅರ್ಜಿ ಹಾಕಿದ. ಸಂಘದ ನೋಂದಣಿ ಪತ್ರ, ಮೂರು ವರ್ಷದ ಆಡಿಟ್ ವರದಿ, ಪ್ರತಿ ಮಗುವಿನ ಜಾತಿ ಪ್ರಮಾಣಪತ್ರ, ಆದಾಯ ಪ್ರಮಾಣಪತ್ರ ಎಲ್ಲಾ ಕೇಳಿದರು. ಬಡತನ ಕಣ್ಣಿಗೆ ಕಂಡರೆ ಸಾಲದು ನೋಡಿ, ಅದಕ್ಕೆ ಪ್ರಮಾಣಪತ್ರದ ಮೇಲಿನ ಆರ್‌ಡಿ ನಂಬರ್ ಇರಬೇಕು. ಆಮೇಲೆ ಸ್ವಯಂಸೇವಾ ಸಂಸ್ಥೆಗಳು ಹೆಸರು ನೋಂದಾಯಿಸುವ ಎನ್‌ಜಿಒ 'ದರ್ಪಣ' ಪೋರ್ಟಲ್‌ನ ನಂಬರ್. ಹೆಸರೇನೋ ಚೆಂದ. ಆದರೆ ಕೌಂಟರ್ ಹತ್ತಿರ ಹೋಗುವಷ್ಟರಲ್ಲಿ 'ಣ' ಉದುರಿಹೋಗಿರುತ್ತದೆ.

ನಂತರ ಕಚೇರಿಯ ಗುಮಾಸ್ತರು ಹೇಳಿದರಂತೆ, "ಮೇಷ್ಟ್ರೇ, ತಮಟೆ ಖರೀದಿಗೆ ಮೂರು ಅಂಗಡಿಯ ಕೊಟೇಶನ್ ಬೇಕು."

ಸುತ್ತಮುತ್ತ ತಮಟೆ ಕಟ್ಟುವುದು ಒಬ್ಬನೇ. ಆ ಮಕ್ಕಳಲ್ಲೇ ಒಬ್ಬನ ತಾತ. ವಿಷಯ ಕೇಳಿ ಆತ, "ಅದಕ್ಯಾಕೆ ಅಷ್ಟೊಂದು ಯೋಚ್ನೆ ಸ್ವಾಮಿ, ಮೂರು ರೇಟೂ ನಾನೇ ಹೇಳ್ತೀನಿ" ಅಂದನಂತೆ. ಟೆಂಡರ್ ಪದ್ಧತಿಯನ್ನು ಇಷ್ಟು ಚೆನ್ನಾಗಿ ಅರ್ಥ ಮಾಡಿಕೊಂಡವರನ್ನು ನಾನು ನೋಡಿಲ್ಲ.

ಅರ್ಜಿಯ ನಾಲ್ಕನೇ ಪುಟದಲ್ಲಿ 'ಸಂಸ್ಥೆಯ ವಿಷನ್ ಏನು?' ಅಂತ ಒಂದು ಕಾಲಂ. ಇದನ್ನು ಓದಿದಾಗ ನನಗೆ ಗದುಗಿನ ಪಂಚಾಕ್ಷರಿ ಗವಾಯಿಗಳು ನೆನಪಾದರು. ಅವರಿಗೆ ಕಣ್ಣು ಕಾಣುತ್ತಿರಲಿಲ್ಲ. ಅವರ ಬೆನ್ನಿಗೆ ಬಿದ್ದ ಮಕ್ಕಳಲ್ಲೂ ಎಷ್ಟೋ ಜನಕ್ಕೆ ಕಣ್ಣಿಲ್ಲ, ಕೆಲವರಿಗೆ ಅಪ್ಪ ಅಮ್ಮ ಇಲ್ಲ. ಅವರನ್ನೆಲ್ಲ ಕಟ್ಟಿಕೊಂಡು ಊರೂರು ತಿರುಗಿ ಪಾಠ ಹೇಳಿದರು. ಹೊಟ್ಟೆಪಾಡಿಗೆ ಜೋಳಿಗೆ, ಅದು ಸಾಲದಾದಾಗ ನಾಟಕ ಕಂಪನಿ. ಹಿಂದುಸ್ತಾನಿ ಗಾಯಕ ಬಸವರಾಜ ರಾಜಗುರು ಕಲಿತದ್ದು ಈ ಗವಾಯಿಗಳ ಕೈಯಲ್ಲೇ. ಅವರಾದ ಮೇಲೆ ಪುಟ್ಟರಾಜ ಗವಾಯಿಗಳು. ಅವರಿಗೂ ಕಣ್ಣಿಲ್ಲ. ಭಕ್ತರು ತುಲಾಭಾರ ಮಾಡಿದರೆ ಆ ದುಡ್ಡೂ ಅವರು ನಡೆಸುತ್ತಿದ್ದ ಪುಣ್ಯಾಶ್ರಮದ ಮಕ್ಕಳ ಅನ್ನಕ್ಕೆ. 2010ರಲ್ಲಿ ಪದ್ಮಭೂಷಣ ಬಂತು, ಅದೇ ವರ್ಷ ತೀರಿಕೊಂಡರು. ಈಗಿನ ಅರ್ಜಿ ಆಗ ಇದ್ದಿದ್ದರೆ? "ವಿಷನ್ ಕಾಲಂ ಖಾಲಿ ಬಿಟ್ಟಿದ್ದೀರಿ ಗವಾಯಿಗಳೇ, ತಿರಸ್ಕರಿಸಲಾಗಿದೆ." ಜೋಳಿಗೆಗೆ ಮೂರು ವರ್ಷದ ಆಡಿಟ್ ಬೇರೆ ಕೇಳುತ್ತಿದ್ದರು.

ಇದು ರಾಜ್ಯದ ಕಥೆ ಅಂತ ಕೇಂದ್ರದವರು ನಗುವ ಹಾಗಿಲ್ಲ. ಅಲ್ಲಿ ಸಿಸಿಆರ್‌ಟಿ ಅನ್ನುವ ಸಾಂಸ್ಕೃತಿಕ ತರಬೇತಿ ಸಂಸ್ಥೆ ಕೊಡುವ ಪ್ರತಿಭಾ ವಿದ್ಯಾರ್ಥಿವೇತನ ಇದೆ, 10ರಿಂದ 14 ವರ್ಷದ ಮಕ್ಕಳಿಗೆ. ಇಡೀ ದೇಶಕ್ಕೆ ವರ್ಷಕ್ಕೆ 650. ಸಂಗೀತ, ನೃತ್ಯ, ಚಿತ್ರಕಲೆ ಎಲ್ಲಾ ಅದರಲ್ಲೇ. ಅಂಗವಿಕಲ ಮಕ್ಕಳಿಗೆ 30. ರಾಜ್ಯ 28, ಕೇಂದ್ರಾಡಳಿತ ಪ್ರದೇಶ 8. ಆ ಮೂವತ್ತನ್ನು ತಲೆಗೊಂದು ಅಂತ ಹಂಚಿದರೂ ಆರು ಕಡೆ ಎಲೆ ಖಾಲಿ. ಮೊತ್ತ ವರ್ಷಕ್ಕೆ 3,600 ರೂಪಾಯಿ. ದಿನಕ್ಕೆ ಹತ್ತೂ ಬೀಳಲ್ಲ. ದರ್ಶಿನಿಯಲ್ಲಿ ಒಂದು ಕಾಫಿಗೂ ಸಾಲದು. ಪಾಠದ ಫೀಸು ಬೇರೆ ಕೊಡುತ್ತಾರೆ, 9,000ದವರೆಗೆ. ಆದರೆ ಮೊದಲು ನೀವು ಕಟ್ಟಿ, ರಸೀದಿ ತೋರಿಸಬೇಕು. ದುಡ್ಡಿಲ್ಲದವರಿಗೆ ಕೊಡುವ ದುಡ್ಡು ಇದು, ನೆನಪಿರಲಿ.

ನಮ್ಮ ಮೇಷ್ಟ್ರಿಗೆ ಕೊನೆಗೂ ಮಂಜೂರಾಯಿತು. ಯಾವಾಗ? ಮಾರ್ಚ್‌ನಲ್ಲಿ. 31ರೊಳಗೆ ಖರ್ಚು ಮಾಡಿ ಬಳಕೆ ಪ್ರಮಾಣಪತ್ರ ಕೊಡಬೇಕು. ಮಕ್ಕಳಿಗೆ ಪರೀಕ್ಷೆ. ಆದರೂ ಕಾರ್ಯಕ್ರಮ ನಡೆಯಿತು, ನಾನೂ ಹೋಗಿದ್ದೆ. ಭರ್ಜರಿ ಫ್ಲೆಕ್ಸ್. ವೇದಿಕೆ ಮೇಲೆ ಹದಿನಾಲ್ಕು ಜನ, ಹದಿನಾಲ್ಕು ಶಾಲು, ಹದಿನಾಲ್ಕು ಹಣ್ಣಿನ ಬುಟ್ಟಿ. ಒಳಗೆ ಪ್ರಾರ್ಥನೆಗೆ ಬೆಂಗಳೂರಿನಿಂದ ಬಂದ ಗಾಯಕಿ. ಕಾಲೊನಿಯ ಹುಡುಗರು? ಗೇಟಿನ ಹತ್ತಿರ. ಬಿಸಿಲಲ್ಲಿ ಎರಡು ಗಂಟೆ. ಗಣ್ಯರ ಕಾರು ಬಂದಾಗ ಬಾರಿಸೋಕೆ.

'ಎಲ್ಲರನ್ನೂ ಒಳಗೊಳ್ಳುವ' ಕಾರ್ಯಕ್ರಮ ಸ್ವಾಮಿ ಇದು. ಅವರನ್ನು ಒಳಗೇ ಬಿಡಲಿಲ್ಲ.

ಮೊದಲೆಲ್ಲ ಸಾವಿಗೆ, ಡಂಗುರಕ್ಕೆ ಇವರ ಅಜ್ಜಂದಿರು ಬಾರಿಸಲೇಬೇಕಿತ್ತು. ಆಗಲೂ ನಿಲ್ಲಿಸುತ್ತಿದ್ದುದು ಹೊರಗೇ. ಆ ಅವಮಾನಕ್ಕೆ ಎಷ್ಟೋ ಜನ ತಮಟೆಯನ್ನೇ ಬಿಟ್ಟರು. ಅದೇ ತಮಟೆ ಬಾರಿಸುತ್ತಾ ಬಂದ ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಭಾಷಣ ಮಾಡಿದವರಲ್ಲಿ ಮೂವರು ಅವರ ಹೆಸರು ಹೇಳಿದರು, ಚಪ್ಪಾಳೆ ಗಿಟ್ಟಿಸಿದರು. ಗೇಟಿನ ಹತ್ತಿರ ನಿಂತವರಿಗೆ ನೀರು ಕೊಡಿ ಅಂತ ಒಬ್ಬನೂ ಹೇಳಲಿಲ್ಲ. ಬರೆಯೋಕೂ ಬೇಜಾರು.

ಈ ಸಲ ಮೇಷ್ಟ್ರು ಬೇರೆ ದಾರಿ ಹಿಡಿದ. ಕಾರ್ಯಕ್ರಮ ಬೇಡ, ವರ್ಷವಿಡೀ ಪಾಠ ಹೇಳಲು ಒಬ್ಬ ಕಲಾವಿದನಿಗೆ ತಿಂಗಳಿಗಿಷ್ಟು ಗೌರವಧನ ಕೊಡಿ ಅಂತ ಕೇಳಿದ. ಅರ್ಜಿ ವಾಪಸ್ ಬಂತು. "ಪಾಠಕ್ಕೆ ಅವಕಾಶ ಇಲ್ಲ ಮೇಷ್ಟ್ರೇ, ಕಾರ್ಯಕ್ರಮಕ್ಕೆ ಮಾತ್ರ. ಪಾಠದ್ದು ಸಾಕ್ಷಿಗೆ ಜಿಪಿಎಸ್ ಫೋಟೊ ಎಷ್ಟು ಅಂತ ತೆಗೀತೀರಿ?"

ಮೊನ್ನೆ ಸಂಜೆ ಕಾಲೊನಿಗೆ ಹೋಗಿದ್ದೆ. ಮಳೆ ಬಂದು ಬಿಟ್ಟಿತ್ತು. ತಂಪಿಗೆ ತಮಟೆಯ ಚರ್ಮ ಸಡಿಲ ಆಗಿತ್ತು, ಬೆಂಕಿಗೆ ಕಾಯಿಸಲೇಬೇಕು. ಸೌದೆಯೆಲ್ಲ ಒದ್ದೆ. ಮೇಷ್ಟ್ರು ಒಳಗೆ ಹೋಗಿ ಅರ್ಜಿಯ ಜೆರಾಕ್ಸ್ ಸೆಟ್ಟುಗಳನ್ನು ತಂದು ಹುಡುಗರ ಕೈಗೆ ಕೊಟ್ಟ. ಚೆನ್ನಾಗಿ ಉರಿಯಿತು. ನಾದವೂ ಚೆನ್ನಾಗಿ ಬಂತು.

ಒಂದು ಸೆಟ್ ಮಾತ್ರ ಎತ್ತಿಟ್ಟುಕೊಂಡಿದ್ದಾನೆ. ಮುಂದಿನ ವರ್ಷಕ್ಕೆ ಬೇಕಾಗುತ್ತಂತೆ.