ಸತ್ಯಾಂಶ: ಗುಡ್ಡದ ಮನೆ ಕುಸಿದರೆ ನಷ್ಟ ಮಾಲೀಕನಿಗಷ್ಟೇನಾ?

‘ಸ್ವಂತ ಜಾಗ, ಸ್ವಂತ ದುಡ್ಡು. ಗುಡ್ಡದಲ್ಲಿ ಮನೆ ಕಟ್ಟಿಕೊಂಡರೆ ಯಾರಪ್ಪನ ಗಂಟು ಹೋಗುತ್ತೆ? ಕುಸಿದರೆ ಅವರದೇ ನಷ್ಟ.’ ಮಳೆಗಾಲ ಬಂದರೆ ಸಾಕು, ಇಂಥ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತದೆ. ಇದು ಸರಿಯಲ್ಲ.

2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಆದದ್ದನ್ನೇ ನೋಡಿ. ಮಳೆ ವಿಪರೀತ ಸುರಿದಿತ್ತು, ನಿಜ. ಆದರೆ ರಸ್ತೆಗೆ, ಮನೆಗೆ, ಹೋಂಸ್ಟೇಗೆ ಅಂತ ಇಳಿಜಾರು ಕಡಿದದ್ದೂ ಕಾರಣ ಎಂದು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಹೇಳಿತು. ಗುಡ್ಡದ ಬುಡವನ್ನು ಜೆಸಿಬಿಯಲ್ಲಿ ನೆಟ್ಟಗೆ ಕಡಿದರೆ ಮೇಲಿನ ಮಣ್ಣಿಗೆ ಆಸರೆ ತಪ್ಪುತ್ತದೆ. ತೆಗೆದ ಮಣ್ಣನ್ನು ಮುಂದೆ ಸುರಿದು ಅಂಗಳ ಮಾಡುತ್ತಾರೆ. ಆ ಸಡಿಲ ಮಣ್ಣು ನೀರು ಕುಡಿದು ಭಾರವಾಗುತ್ತದೆ. ನೀರು ಹರಿದುಹೋಗಲು ಚರಂಡಿ ಇಲ್ಲದಿದ್ದರಂತೂ ಮುಗಿಯಿತು. ಬರೆ, ಅಂದರೆ ಹೀಗೆ ಕಡಿದು ನಿಲ್ಲಿಸಿದ ಮಣ್ಣಿನ ಗೋಡೆ, ಜಾರಿದರೆ ಬೇಲಿ ನೋಡಿ ನಿಲ್ಲುವುದಿಲ್ಲ. ಕೆಳಗಿನ ಮನೆ, ಕಾಫಿ ತೋಟ, ಗದ್ದೆ ಎಲ್ಲ ಹೋಗುತ್ತದೆ. ಒಂದು ಬುಟ್ಟಿ ಮಣ್ಣನ್ನೂ ತೆಗೆಯದವರು ಮನೆ ಕಳೆದುಕೊಳ್ಳುತ್ತಾರೆ. ನನಗೆ ಜಾಸ್ತಿ ಸಂಕಟ ಆಗುವುದು ಇಲ್ಲೇ.

ಆ ವರ್ಷ ಜೋಡುಪಾಲದ ಬಳಿ ಕುಸಿದು ಮಡಿಕೇರಿ–ಮಂಗಳೂರು ಹೆದ್ದಾರಿಯೇ ಬಂದ್ ಆಗಿತ್ತು. ಊರೆಲ್ಲ ಸುತ್ತಿ ಬಳಸಿ ಓಡಾಡಬೇಕಾಯಿತು.

ಇನ್ನು ಪರಿಹಾರದ ದುಡ್ಡು. ಕರ್ನಾಟಕದ ರಾಜ್ಯ ವಿಪತ್ತು ಪರಿಹಾರ ನಿಧಿಗೆ ಶೇ 75 ಕೇಂದ್ರ, ಶೇ 25 ರಾಜ್ಯ ಹಾಕುತ್ತವೆ. ಎರಡೂ ನಮ್ಮ ತೆರಿಗೆಯೇ, ಅಲ್ವಾ?

ಹಾಗಂತ ಗುಡ್ಡದಲ್ಲಿರುವವರನ್ನು ಸುಮ್ನೆ ಬೈಯುವುದು ಬೇಡ. ತಲೆಮಾರುಗಳಿಂದ ಅಲ್ಲೇ ಇರುವ ಎಷ್ಟೋ ಜನರಿಗೆ ಬೇರೆ ಜಾಗವೇ ಇಲ್ಲ. ಹೊಸದಾಗಿ ಸೈಟ್ ಹುಡುಕುವವರು ಮಾತ್ರ ಮಳೆಗಾಲದಲ್ಲೇ ಒಮ್ಮೆ ಹೋಗಿ. ಹಿಂದಿನ ಬರೆ ಎಷ್ಟು ಎತ್ತರ, ನೀರು ಎಲ್ಲಿಂದ ಇಳಿಯುತ್ತದೆ, ಕೆಳಗೆ ಯಾರ ಮನೆ ಇದೆ ಎಂದು ನೋಡಿಕೊಂಡು ಬನ್ನಿ.