ಓಡಿದ್ದನ್ನು ಓಡಿದೆ ಅನ್ನೋಕೆ ಏನು ನಾಚಿಕೆ?

ಕಳೆದ ಡಿಸೆಂಬರ್‌ನಲ್ಲಿ ಊರಿಗೆ ಬಂದಾಗ ವಿಮಾನ ನಿಲ್ದಾಣಕ್ಕೆ ಭಾವನೇ ಬಂದಿದ್ದರು. ಮೂರು ತಿಂಗಳ ಹಿಂದೆ ತಗೊಂಡ ಸೆಕೆಂಡ್ ಹ್ಯಾಂಡ್ ಡೀಸೆಲ್ ಕಾರನ್ನು ನನಗೆ ತೋರಿಸಬೇಕು ಅನ್ನೋ ಆಸೆ. "ಡಾಕ್ಟರ್ ಓಡಿಸಿದ ಗಾಡಿ, ಒಂದೇ ಕೈ, ತಗೊಂಡಾಗ ಬರೀ ಅರವತ್ತೆಂಟು ಸಾವಿರ ಓಡಿತ್ತು" ಅಂತ ತುಮಕೂರು ದಾಟುವ ತನಕ ಅದರದೇ ಮಾತು. ಶಿರಾದಲ್ಲಿ ಕಾಫಿ ಕುಡಿದೆವು. ಹಿರಿಯೂರು ಬಿಟ್ಟು ಐಮಂಗಲ ಇನ್ನೇನು ಬಂತು ಅನ್ನುವಾಗ ಬಾನೆಟ್ಟಿನೊಳಗೆ ಟಪ್ ಅಂತ ಒಂದು ಸದ್ದು. ಆಮೇಲೆ ಎಂಜಿನ್ ಸದ್ದೇ ಇಲ್ಲ. ಸ್ಟೀರಿಂಗ್ ಕಲ್ಲಿನ ಹಾಗೆ ಬಿಗಿಯಾಯಿತು. ಹಿಂದೆ ಲಾರಿಗಳು ಹಾರ್ನ್ ಹೊಡೆಯುತ್ತಿದ್ದವು. ಭಾವ ಹೇಗೋ ಪಕ್ಕಕ್ಕೆ ತಂದು ನಿಲ್ಲಿಸಿದರು. ಅಕ್ಕ ರೊಟ್ಟಿ ಎಣ್ಣೆಗಾಯಿ ಮಾಡಿಟ್ಟು ರಾತ್ರಿ ಹನ್ನೊಂದರವರೆಗೆ ಕಾದಳು.

ಟೋ ಮಾಡಿಸಿಕೊಂಡು ಚಿತ್ರದುರ್ಗದ ಗ್ಯಾರೇಜಿಗೆ ಹೋದೆವು. ಟೈಮಿಂಗ್ ಬೆಲ್ಟ್ ಕಟ್ಟಾಗಿತ್ತು. ಬೆಲ್ಟ್ ಹೋದರೆ ವಾಲ್ವ್ ಯಾವಾಗ ಏಳಬೇಕು, ಯಾವಾಗ ಕೂರಬೇಕು ಅನ್ನೋ ಲೆಕ್ಕ ತಪ್ಪುತ್ತದೆ. ಮೇಲೆ ಬರುವ ಪಿಸ್ಟನ್ ತೆರೆದ ವಾಲ್ವಿಗೆ ಹೋಗಿ ಬಡಿಯುತ್ತದೆ. ಹೆಡ್ ಬಿಚ್ಚಿ ನೋಡಿದರೆ ಎಂಟೂ ವಾಲ್ವ್ ಬಾಗಿದ್ದವು. ಎಪ್ಪತ್ತೊಂದು ಸಾವಿರಕ್ಕೆ ಬೆಲ್ಟ್ ಹೇಗೆ ಹೋಯಿತು ಅಂತ ಭಾವ ಕೇಳಿದರು. ಮೆಕ್ಯಾನಿಕ್ ಏನೂ ಮಾತಾಡದೆ ಡ್ರೈವರ್ ಬಾಗಿಲು ತೆಗೆದು ಕ್ಲಚ್ ಪೆಡಲ್ ತೋರಿಸಿದ. ರಬ್ಬರಿನ ಗೆರೆಗಳು ಬಲಗಡೆ ಪೂರ್ತಿ ಸವೆದು ನುಣ್ಣಗಾಗಿ, ಒಂದು ಮೂಲೆಯಲ್ಲಿ ಒಳಗಿನ ಕಬ್ಬಿಣವೇ ಇಣುಕುತ್ತಿತ್ತು. ಆಮೇಲೆ ಬಾಗಿಲ ಕಂಬದ ಒಳಬದಿಗೆ ಟಾರ್ಚ್ ಬಿಟ್ಟ. ಅಲ್ಲಿ ಆಯಿಲ್ ಬದಲಾಯಿಸಿದಾಗ ಅಂಟಿಸುವ ಸ್ಟಿಕ್ಕರನ್ನು ಯಾರೋ ಉಗುರಿನಿಂದ ಕೆರೆದು ಕಿತ್ತಿದ್ದರು. ಪೂರ್ತಿ ಬಂದಿರಲಿಲ್ಲ. ನೀಲಿ ಬಾಲ್‌ಪೆನ್ನಿನಲ್ಲಿ ಬರೆದಿದ್ದ '1,64' ಅನ್ನೋ ಅಂಕಿ ಹಾಗೇ ಉಳಿದಿತ್ತು. ಅಂದರೆ ಮಾರುವ ಮೊದಲು ಯಾರೋ ಮೀಟರನ್ನು ಲಕ್ಷ ಹಿಂದಕ್ಕೆ ತಿರುಗಿಸಿದ್ದರು.

ನನಗೆ ನೋವಾಗಿದ್ದು ಅದನ್ನು ನೋಡಿ ಅಲ್ಲ. ಮೋಸ ಮಾಡುವವರು ಎಲ್ಲಾ ಕಡೆ ಇರುತ್ತಾರೆ. ವಾಪಸ್ ಬರುವಾಗ ಭಾವ, "ಎಲ್ಲರೂ ಮಾಡ್ತಾರೆ ಬಿಡು, ನನ್ನ ಹಳೇ ಗಾಡಿ ಮಾರುವಾಗ ಏಜೆಂಟ್ ಅದರ ಮೀಟರೂ ಇಳಿಸಿದ್ದ. ಲಕ್ಷ ದಾಟಿದ ಗಾಡಿ ಅಂದ್ರೆ ಯಾರು ಮುಟ್ತಾರೆ?" ಅಂದರು. ಭಾವ ಒಬ್ಬರಿಗೆ ಒಂದು ರೂಪಾಯಿ ಬಾಕಿ ಇಟ್ಟವರಲ್ಲ. ಅಂಥವರ ಬಾಯಲ್ಲೂ ಇದು ಇಷ್ಟು ಸಲೀಸಾಗಿ ಬಂತಲ್ಲ ಅಂತ ಇವತ್ತಿಗೂ ಕೊರೆಯುತ್ತಿದೆ.

ನಾನಿರುವುದು ಜರ್ಮನಿಯ ರಾಯ್ಟ್‌ಲಿಂಗನ್‌ನಲ್ಲಿ, ಸ್ಟುಟ್‌ಗಾರ್ಟಿನಿಂದ ನಲವತ್ತು ಕಿಲೋಮೀಟರಿನ ಆಸುಪಾಸು. 2014ರಲ್ಲಿ ಇಲ್ಲಿ ಮೊದಲ ಕಾರು ತಗೊಂಡಾಗ ನನ್ನ ತಲೆಯಲ್ಲೂ ಭಾವನ ಲೆಕ್ಕವೇ ಇತ್ತು. ಹತ್ತಿರದ ಹಳ್ಳಿಯೊಂದರಲ್ಲಿ ನಿವೃತ್ತ ಮೇಷ್ಟ್ರೊಬ್ಬರು 2006ರ ಸ್ಕೋಡಾ ಆಕ್ಟೇವಿಯಾ ಮಾರಾಟಕ್ಕಿಟ್ಟಿದ್ದರು. 1.9 ಲೀಟರಿನ ಟಿಡಿಐ ಡೀಸೆಲ್ ಎಂಜಿನ್. ಜಾಹೀರಾತಿನಲ್ಲಿ ಬೆಲೆಗಿಂತ ಮೇಲೆ, ಮೊದಲ ಸಾಲಿನಲ್ಲೇ ಹಾಕಿದ್ದರು: 2,87,000 ಕಿಲೋಮೀಟರ್. ಒಂದು ಸೊನ್ನೆ ಜಾಸ್ತಿ ಬಿದ್ದಿರಬೇಕು ಅಂದುಕೊಂಡೇ ಹೋದೆ.

ಸೊನ್ನೆ ಸರಿಯಾಗಿಯೇ ಇತ್ತು. ಅವರು ಕಾರಿನ ಕೀಲಿ ಕೊಡುವ ಮೊದಲು ಅಡುಗೆಮನೆಯ ಮೇಜಿನ ಮೇಲೆ ಒಂದು ದಪ್ಪ ಫೈಲ್ ಇಟ್ಟರು. ಎಂಟು ವರ್ಷದ ಬಿಲ್ಲುಗಳು, ತಾರೀಕಿನ ಪ್ರಕಾರ. ಬೆಲ್ಟ್ ಬದಲಾಯಿಸಿದ್ದು 1,18,000ಕ್ಕೊಮ್ಮೆ, 2,36,000ಕ್ಕೊಮ್ಮೆ, ಜೊತೆಗೆ ಪ್ರತಿ ಸಲ ವಾಟರ್ ಪಂಪ್. ಫೈಲಿನ ಹಿಂದೆ ಶಾಲೆ ಮಕ್ಕಳ ಎರಡು ನೋಟ್‌ಬುಕ್. ಪ್ರತಿ ಸಲ ಡೀಸೆಲ್ ಹಾಕಿಸಿದಾಗಲೂ ಪೆನ್ಸಿಲಿನಲ್ಲಿ ತಾರೀಕು, ಮೀಟರ್, ಲೀಟರ್. ಪ್ರತಿ ಪುಟದ ಕೆಳಗೆ ನೂರು ಕಿಲೋಮೀಟರಿಗೆ ಎಷ್ಟು ಕುಡಿಯಿತು ಅಂತ ಸರಾಸರಿ. ಒಂದು ಕಡೆ ಸರಾಸರಿ ಅರ್ಧ ಲೀಟರ್ ಏರಿದ್ದಕ್ಕೆ ಅಂಚಿನಲ್ಲಿ ಪ್ರಶ್ನಾರ್ಥಕ ಚಿಹ್ನೆ. ಮುಂದಿನ ಪುಟದಲ್ಲಿ ಹಿಂದಿನ ಬ್ರೇಕ್ ಕಚ್ಚಿಕೊಂಡಿದ್ದನ್ನು ಸರಿ ಮಾಡಿಸಿದ ಬಿಲ್ಲಿನ ನಂಬರ್. ಇಷ್ಟು ಓಡಿದೆ ಅನ್ನೋದು ಆ ಮನುಷ್ಯನಿಗೆ ಮುಚ್ಚಿಡುವ ವಿಷಯವಾಗಿರಲಿಲ್ಲ. ಮಗ ಎಷ್ಟನೇ ಕ್ಲಾಸಿನವರೆಗೆ ಓದಿದ್ದಾನೆ ಅಂತ ಹೇಳುವ ಹಾಗೆ ಹೇಳಿದರು. ಕೊನೆಗೆ ಎರಡೇ ಮಾತು: ಬೆಳಿಗ್ಗೆ ಸ್ಟಾರ್ಟ್ ಮಾಡಿದ ಮೇಲೆ ಮೊದಲ ಐದು ಕಿಲೋಮೀಟರ್ ಎಂಜಿನ್ನಿಗೆ ಅವಸರ ಮಾಡಬೇಡ, ಮನೆ ಹತ್ತಿರ ಬಂದಾಗ ಕೊನೆಯ ಒಂದು ಕಿಲೋಮೀಟರ್ ನಿಧಾನಕ್ಕೆ ಬಾ.

ಇವತ್ತು ಅದೇ ಕಾರು 4,68,000 ದಾಟಿದೆ. ಹೆಡ್ ಬಿಚ್ಚಿಲ್ಲ, ಬೋರ್ ಮಾಡಿಸಿಲ್ಲ. ಕ್ಲಚ್ ಒಂದು ಸಲ, ಟರ್ಬೊ ಒಂದು ಸಲ ಹಾಕಿಸಿದ್ದೇನೆ. ಎಂಜಿನ್ ಓಡುತ್ತಿರುವಾಗ ಆಯಿಲ್ ಮುಚ್ಚಳ ತೆಗೆದು ಅಂಗೈ ಇಟ್ಟು ನೋಡುತ್ತೇನೆ, ನಮ್ಮೂರ ಮೇಸ್ತ್ರಿಗಳು ನೋಡುವ ಹಾಗೆ. ಒಳಗೆ ಸವೆದಿದ್ದರೆ ಗಾಳಿ ತಳ್ಳಬೇಕು. ತಳ್ಳುವುದಿಲ್ಲ, ಹೊಗೆಯೂ ಇಲ್ಲ.

ಇದರಲ್ಲಿ ಪವಾಡ ಏನಿಲ್ಲ. ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಹೊತ್ತಿಸುವ ಪ್ಲಗ್ ಇರುವುದಿಲ್ಲ. ಗಾಳಿಯನ್ನು ಒತ್ತಿ ಒತ್ತಿ ಕಾಯಿಸಿದ ಬಿಸಿಗೇ ಡೀಸೆಲ್ ಹತ್ತಿಕೊಳ್ಳಬೇಕು. ಹಳೆಯ ಡೀಸೆಲ್‌ಗಳು ಗಾಳಿಯನ್ನು ಇಪ್ಪತ್ತೊಂದು ಇಪ್ಪತ್ತೆರಡು ಪಟ್ಟು ಒತ್ತುತ್ತಿದ್ದವು. ಆ ಒತ್ತಡ ತಡೆಯಬೇಕು ಅಂದರೆ ಬ್ಲಾಕ್, ಕ್ರ್ಯಾಂಕ್, ಕನೆಕ್ಟಿಂಗ್ ರಾಡ್ ಎಲ್ಲಾ ದಪ್ಪಗೇ ಇರಬೇಕು. ಅಷ್ಟು ಗಟ್ಟಿ ಮಾಡಿದ ಎಂಜಿನ್ ಹೈವೇಯಲ್ಲಿ ನಿಮಿಷಕ್ಕೆ ಎರಡು ಸಾವಿರ ಸುತ್ತಿನ ಆಚೀಚೆ ಆರಾಮಾಗಿ ತಿರುಗುತ್ತದೆ. ಪೆಟ್ರೋಲ್ ತಣ್ಣನೆ ಎಂಜಿನ್ನಿನಲ್ಲಿ ಸಿಲಿಂಡರ್ ಗೋಡೆಯ ಎಣ್ಣೆಯನ್ನು ತೊಳೆದುಬಿಡುತ್ತದೆ. ಡೀಸೆಲ್ ತಾನೇ ಸ್ವಲ್ಪ ಜಿಡ್ಡು. ಎಂಜಿನ್ ಹೆಚ್ಚಾಗಿ ಸವೆಯುವುದು ಓಡಿದಾಗಲ್ಲ, ತಣ್ಣಗಿದ್ದು ಸ್ಟಾರ್ಟ್ ಆದಾಗ. ಅದಕ್ಕೇ ದಿನವಿಡೀ ಆರದೆ ಓಡುವ ಟ್ಯಾಕ್ಸಿ ಎಂಜಿನ್ ಅಷ್ಟು ದೂರ ಹೋಗುತ್ತದೆ, ಮನೆಯಿಂದ ತರಕಾರಿ ಮಾರ್ಕೆಟ್ಟಿಗೆ ಎರಡು ಕಿಲೋಮೀಟರ್ ಹೋಗಿಬರುವ ಕಾರು ಐವತ್ತು ಸಾವಿರಕ್ಕೇ ಕೆಮ್ಮುತ್ತದೆ. ಅಂದರೆ ಕಡಿಮೆ ಓಡಿದ ಗಾಡಿಯೇ ಒಳ್ಳೆಯ ಗಾಡಿ ಅನ್ನುವ ನಮ್ಮ ನಂಬಿಕೆಯೇ ಅರ್ಧ ಸುಳ್ಳು.

ಗ್ರೀಸಿನ ಥೆಸಲೊನೀಕಿಯ ಟ್ಯಾಕ್ಸಿ ಡ್ರೈವರ್ ಗ್ರೆಗೋರಿಯೊಸ್ ಸಾಕಿನಿಡಿಸ್ ತನ್ನ 1976ರ ಮರ್ಸಿಡಿಸ್ 240ಡಿ ಕಾರನ್ನು 46 ಲಕ್ಷ ಕಿಲೋಮೀಟರ್ ಓಡಿಸಿ 2004ರಲ್ಲಿ ಕಂಪನಿಯ ಮ್ಯೂಸಿಯಂಗೆ ಒಪ್ಪಿಸಿದ. ಚಂದ್ರನಿಗೆ ಆರು ಸಲ ಹೋಗಿ ಆರು ಸಲ ವಾಪಸ್ ಬಂದಷ್ಟು ದೂರ. ನೂರು ಕುದುರೆಶಕ್ತಿಯೂ ಇಲ್ಲದ, ಯಾರೂ ತಿರುಗಿ ನೋಡದ ಸಾಧಾರಣ ಡೀಸೆಲ್ ಕಾರು ಅದು. ಎಂಜಿನ್ ಹಲವು ಸಲ ಬದಲಾಯಿಸಿದ್ದ, ನಿಜ. ಅವನ ಹೆಸರು ಇವತ್ತು ನಮಗೆ ಗೊತ್ತಿರುವುದು ಎಷ್ಟು ಓಡಿದೆ ಅನ್ನುವ ಲೆಕ್ಕವನ್ನು ಅವನು ಬಿಡದೆ ಇಟ್ಟುಕೊಂಡಿದ್ದರಿಂದ.

ನಾನು ಹೇಳಬೇಕಾಗಿರುವುದು ಇದನ್ನೇ. ಮೀಟರ್ ಇಳಿಸಿದರೆ ಕೊಳ್ಳುವವನಿಗೆ ಮೋಸ ಆಗುವುದು ಒಂದು ಕಡೆ. ಅದರಿಂದ ಗಾಡಿಯೇ ಸಾಯುತ್ತದೆ. ಬೆಲ್ಟ್, ಗೇರ್ ಆಯಿಲ್, ಡೀಸೆಲ್ ಫಿಲ್ಟರ್, ಕೂಲೆಂಟ್ ಎಲ್ಲದಕ್ಕೂ ಕಿಲೋಮೀಟರ್ ಲೆಕ್ಕವೇ ಗಡಿಯಾರ. ಆ ಗಡಿಯಾರವನ್ನು ಲಕ್ಷ ಹಿಂದೆ ತಿರುಗಿಸಿದರೆ, ಮುಂದೆ ಬರುವವನು ಎಷ್ಟೇ ಶ್ರದ್ಧೆಯಿಂದ ನೋಡಿಕೊಂಡರೂ ತಪ್ಪು ಹೊತ್ತಿಗೇ ನೋಡಿಕೊಳ್ಳುತ್ತಾನೆ. ಭಾವ ಆಯುಧಪೂಜೆಗೆ ಗಾಡಿ ತೊಳೆದು, ಕುಂಬಳಕಾಯಿ ಒಡೆದು, ಹೊಸ ಆಯಿಲ್ ಹಾಕಿಸಿದ್ದರು. ಬೆಲ್ಟಿಗೆ ಇನ್ನೂ ಎರಡು ವರ್ಷ ಇದೆ ಅಂತ ಸರ್ವಿಸ್ ಪುಸ್ತಕ ನೋಡಿಯೇ ಬಿಟ್ಟಿದ್ದರು. ಅವರ ತಪ್ಪು ಎಲ್ಲಿ? ನಾಲ್ಕು ಲಕ್ಷ ಓಡಬೇಕಾದ ಎಂಜಿನ್ನನ್ನು ಎರಡು ಲಕ್ಷಕ್ಕೆ ಮುಂಚೆ ಕೊಂದವನು ಮೀಟರ್ ತಿರುಗಿಸಿದವನು. ಆಮೇಲೆ ಊರೆಲ್ಲಾ ಮಾತು: ಲಕ್ಷ ದಾಟಿದರೆ ಡೀಸೆಲ್ ಗಾಡಿ ಖರ್ಚಿಗೆ ಬರುತ್ತದೆ. ಆ ಭಯಕ್ಕೆ ಇನ್ನೊಬ್ಬ ಇಳಿಸುತ್ತಾನೆ.

ಇಲ್ಲಿ ಎರಡು ವರ್ಷಕ್ಕೊಮ್ಮೆ ಕಾರನ್ನು ತಪಾಸಣೆಗೆ ಕೊಂಡೊಯ್ಯಲೇಬೇಕು. ಟೂಫ್ ಅಂತಾರೆ. ಕಾರನ್ನು ಮೇಲೆತ್ತಿ ಉದ್ದನೆ ಕಬ್ಬಿಣದ ಸಲಾಕೆ ಹಾಕಿ ಒಂದೊಂದು ಬುಶ್ ಅಲ್ಲಾಡಿಸಿ ನೋಡುತ್ತಾರೆ. ವರದಿಯಲ್ಲಿ ಆ ದಿನದ ಮೀಟರ್ ಬರೆಯುತ್ತಾರೆ. ಹಳೆ ವರದಿಗಳನ್ನು ಸಾಲಾಗಿ ಇಟ್ಟರೆ ಕಾರಿನ ಜಾತಕವೇ ಸಿಗುತ್ತದೆ. ಕಾರಿಗೆ ಎಷ್ಟು ವಯಸ್ಸು, ಎಷ್ಟು ಓಡಿದೆ ಅನ್ನೋದರ ಮೇಲೆ ಪಾಸು ಫೇಲು ಇಲ್ಲ. ಹೇಗಿದೆ ಅನ್ನೋದಷ್ಟೇ. ನಮ್ಮಲ್ಲಿ ವೈಟ್ ಬೋರ್ಡ್ ಗಾಡಿಯನ್ನು, ಹೊಗೆ ಪರೀಕ್ಷೆ ಬಿಟ್ಟರೆ, ಹದಿನೈದು ವರ್ಷ ಯಾರೂ ಕೇಳುವವರಿಲ್ಲ.

ಇಷ್ಟು ಬರೆದ ಮೇಲೆ ಇನ್ನೊಂದು ಕಡೆಯದನ್ನೂ ಹೇಳಬೇಕು, ಹೇಳಲು ಮನಸ್ಸಿಲ್ಲದಿದ್ದರೂ. ಈ ದೇಶದಲ್ಲೂ ಮೀಟರ್ ತಿರುಗಿಸುವವರಿದ್ದಾರೆ. 2005ರಲ್ಲಿ ಅದನ್ನು ಶಿಕ್ಷಾರ್ಹ ಅಪರಾಧ ಮಾಡಬೇಕಾಗಿ ಬಂದದ್ದೇ ಅದಕ್ಕೆ. ಅದಕ್ಕಿಂತ ದೊಡ್ಡ ಸುಳ್ಳು 2015ರ ಸೆಪ್ಟೆಂಬರ್‌ನಲ್ಲಿ ಹೊರಬಿತ್ತು. ಹೊಗೆ ಪರೀಕ್ಷೆಯನ್ನು ವಂಚಿಸುವ ಸಾಫ್ಟ್‌ವೇರ್ ಪ್ರಪಂಚದಾದ್ಯಂತ ಸುಮಾರು 1.1 ಕೋಟಿ ಡೀಸೆಲ್ ಕಾರುಗಳಲ್ಲಿದೆ ಅಂತ ಫೋಕ್ಸ್‌ವ್ಯಾಗನ್ ಒಪ್ಪಿಕೊಂಡಿತು. ಸ್ಕೋಡಾ ಕೂಡ ಫೋಕ್ಸ್‌ವ್ಯಾಗನ್‌ನದೇ ಕಂಪನಿ. ನನ್ನ ಎಂಜಿನ್ ಅದೇ ಮನೆತನದ್ದು, ಅದಕ್ಕಿಂತ ಹಿಂದಿನ ತಲೆಮಾರು. ಆ ವಾರ ಆಫೀಸಿನಲ್ಲಿ ಯಾರೂ ಕಾರಿನ ಮಾತೇ ಎತ್ತಲಿಲ್ಲ. 2019ರಲ್ಲಿ ಯೂರೋ 4 (ಯೂರೋಪಿನ ಹೊಗೆ ಮಿತಿಯ ಒಂದು ಹಂತ) ಮತ್ತು ಅದಕ್ಕಿಂತ ಹಳೆಯ ಡೀಸೆಲ್ ಕಾರುಗಳಿಗೆ ಸ್ಟುಟ್‌ಗಾರ್ಟ್ ಬಂದ್ ಆಯಿತು. ಎಂಜಿನ್ ಎಷ್ಟು ಗಟ್ಟಿಯಿದ್ದರೇನು, ಅದರ ಹಿಂದೆ ನಡೆಯುವ ಮಗುವಿನ ಶ್ವಾಸಕೋಶಕ್ಕೆ ಅದರಿಂದ ಉಪಕಾರವಿಲ್ಲ. ಇದನ್ನು ಒಪ್ಪುತ್ತೇನೆ. ಸಿಟಿಗೆ ರೈಲಿನಲ್ಲಿ ಹೋಗುತ್ತೇನೆ.

ಇಲ್ಲಿಯ ಕಿಲೋಮೀಟರೂ ಅಲ್ಲಿಯ ಕಿಲೋಮೀಟರೂ ಒಂದೇ ಅಲ್ಲ. ಗೇರ್ ಬದಲಾಯಿಸದೆ ನೂರು ಕಿಲೋಮೀಟರ್ ಹೋಗುವ ರಸ್ತೆ ಇಲ್ಲಿಯದು. ಆಗುಂಬೆ ಘಾಟಿಯ ತಿರುವಿನಲ್ಲಿ ಎರಡನೇ ಗೇರಿನಲ್ಲಿ, ಏಳು ಜನ ಮತ್ತು ಮೇಲೆ ಲಗೇಜು ಹೊತ್ತು ಹತ್ತುವ ಗಾಡಿಗೆ ಅದು ಗೊತ್ತಿಲ್ಲ. ಹಾಗಿದ್ದೂ ನಮ್ಮಲ್ಲಿ ಓಡಿಸುವವರಿದ್ದಾರೆ. ಬಿಡದಿಯಲ್ಲೇ ತಯಾರಾದ ಕ್ವಾಲಿಸ್, 2005ರಿಂದ ಬಂದ ಇನ್ನೋವಾ, ಇವು ಯೆಲ್ಲೋ ಬೋರ್ಡಿನಲ್ಲಿ ನಾಲ್ಕೈದು ಲಕ್ಷ ಓಡಿ ಇನ್ನೂ ಧರ್ಮಸ್ಥಳಕ್ಕೆ ಬಾಡಿಗೆ ಹೋಗುತ್ತಿವೆ. ನಮ್ಮ ಬೀದಿಯ ಡ್ರೈವರ್ ಅಣ್ಣನೊಬ್ಬ ತನ್ನ ಇನ್ನೋವಾದ ಸನ್‌ವೈಸರಿನಲ್ಲಿ ಒಂದು ಪಾಕೆಟ್ ಡೈರಿ ಸಿಕ್ಕಿಸಿಕೊಂಡಿರುತ್ತಾನೆ. ಆಯಿಲ್, ಫಿಲ್ಟರ್, ಬೆಲ್ಟ್ ಎಲ್ಲಾ ಕನ್ನಡದಲ್ಲಿ ಬರೆದಿದ್ದಾನೆ. ಜರ್ಮನ್ ಮೇಷ್ಟ್ರ ನೋಟ್‌ಬುಕ್ಕಿಗೂ ಅದಕ್ಕೂ ನನಗೇನೂ ವ್ಯತ್ಯಾಸ ಕಾಣಲಿಲ್ಲ. ಆ ಡೈರಿ ನಾನು ಹುಟ್ಟಿ ಬೆಳೆದ ಬೀದಿಯಲ್ಲೇ ಇತ್ತು ಅನ್ನೋದು ಹೊಳೆಯಲು ನನಗೆ ಇಷ್ಟು ವರ್ಷ ಹಿಡಿಯಿತು.

ನನ್ನ ಕಾರೂ ಎಂಜಿನ್ ಸೋತು ಹೋಗುವುದಿಲ್ಲ. ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಎರಚುತ್ತಾರೆ. ಅದು ತಳ ತಿನ್ನುತ್ತಿದೆ. ಬಲಗಡೆ ಬಾಗಿಲ ಕೆಳಗೆ ಬೆರಳಿಟ್ಟರೆ ತುಕ್ಕು ಪುಡಿಪುಡಿಯಾಗಿ ಉದುರುತ್ತದೆ. ಮುಂದಿನ ಟೂಫ್‌ನಲ್ಲಿ ಬೆಸುಗೆ ಹಾಕಿಸು ಅಂದರೆ ಹಾಕಿಸುತ್ತೇನೆ. ಅದಕ್ಕೂ ಮೊದಲು 4,74,000ಕ್ಕೆ ನಾಲ್ಕನೇ ಬೆಲ್ಟ್ ಇದೆ.

ಭಾವನ ಗಾಡಿ ಒಂದೂವರೆ ತಿಂಗಳು ಗ್ಯಾರೇಜಿನಲ್ಲಿದ್ದು ವಾಪಸ್ ಬಂತು. ಮೀಟರನ್ನು ಸರಿಯಾದ ಅಂಕಿಗೆ ಏರಿಸಿ ಕೊಡಿ ಅಂತ ಕೇಳಿದರೆ, ಏರಿಸುವ ಕೆಲಸಕ್ಕೆ ಇದುವರೆಗೆ ಯಾರೂ ಬಂದಿಲ್ಲ ಅಂತ ಮೆಕ್ಯಾನಿಕ್ ಅಂದನಂತೆ. ಮೊನ್ನೆ ವಾಟ್ಸಾಪಿನಲ್ಲಿ ಅವರು ಒಂದು ಫೋಟೊ ಕಳಿಸಿದರು. ಹಳೆ ಎಲ್ಐಸಿ ಡೈರಿಯ ಮೊದಲ ಪುಟ. ಬೆಲ್ಟ್ ಹಾಕಿಸಿದ ತಾರೀಕು, ಮೀಟರ್ 71,430, ಅದರ ಕೆಳಗೆ ಕೆಂಪು ಇಂಕಿನಲ್ಲಿ: 'ಇದಕ್ಕೆ ಒಂದು ಲಕ್ಷ ಸೇರಿಸಿ ಓದುವುದು.'