ಮೂರು ಶಿಲುಬೆ, ಮೂರು ವಿಪತ್ತು ಅಲ್ಲ

ನೆದರ್ಲೆಂಡ್ಸ್‌ನ ಆಮ್‌ಸ್ಟರ್‌ಡ್ಯಾಮ್ ನಗರದ ಲಾಂಛನವನ್ನು ಕುರಿತ ನಿಮ್ಮ ಲೇಖನದಲ್ಲಿ, ಅದರ ಮೂರು ಶಿಲುಬೆಗಳು ನೆರೆ, ಬೆಂಕಿ, ಪ್ಲೇಗ್ ಎಂಬ ಮೂರು ವಿಪತ್ತುಗಳ ಗುರುತು ಎಂದು ಲೇಖಕರು ಖಚಿತವಾಗಿ ಬರೆದಿದ್ದಾರೆ. ಇದನ್ನು ಒಪ್ಪಲಾರೆ. ನಾನಿರುವುದು ಪಕ್ಕದ ಆಮ್‌ಸ್ಟಲ್ವೇನ್‌ನಲ್ಲಿ. ನಮ್ಮ ಊರಿನ ಲಾಂಛನದಲ್ಲೂ X ಆಕಾರದ ಅದೇ ಸಂತ ಆಂಡ್ರ್ಯೂ ಶಿಲುಬೆಗಳಿವೆ, ಆದರೆ ನಾಲ್ಕು. ಹಾಗಾದರೆ ನಾಲ್ಕನೆಯ ವಿಪತ್ತು ಯಾವುದು? 13ನೇ ಶತಮಾನದಲ್ಲಿ ಈ ಸೀಮೆಯ ಒಡೆಯನಾಗಿದ್ದ ಯಾನ್ ಪರ್ಸೈನ್‌ನ ಮನೆತನದ ಗುರಾಣಿಯಿಂದ ಇವು ಬಂದಿರಬೇಕು ಎಂಬ ವಿವರಣೆಯೇ ನನಗೆ ಹೆಚ್ಚು ಸರಿ ಕಾಣುತ್ತದೆ. ಅಕ್ಕಪಕ್ಕದ ಊರುಗಳಲ್ಲಿ ಒಂದೇ ಗುರುತು ಏಕಿದೆ ಎಂಬುದಕ್ಕೂ ಅದರಲ್ಲಿ ಉತ್ತರವಿದೆ. ವಿಪತ್ತಿನ ಕಥೆ ಆಮೇಲೆ ಜನರ ಬಾಯಲ್ಲಿ ಬೆಳೆದದ್ದು.

ಆಮ್‌ಸ್ಟರ್‌ಡ್ಯಾಮ್ ಲಾಂಛನಕ್ಕೆ 1489ರಲ್ಲಿ ರಾಜ ಮ್ಯಾಕ್ಸಿಮಿಲಿಯನ್ ಕೊಟ್ಟ ಕಿರೀಟದ ಬಗ್ಗೆ ಒಂದು ಪ್ಯಾರಾ ಬರೆದವರು, ಅದೇ ಲಾಂಛನದ ಗುರಾಣಿಯ ಕೆಳಗಿನ ಪಟ್ಟಿಯ ಮೂರು ಪದಗಳನ್ನು ಬಿಟ್ಟೇಬಿಟ್ಟಿದ್ದಾರೆ. ನನಗೆ ನಿಜಕ್ಕೂ ನೋವಾದದ್ದು ಇದಕ್ಕೆ. ‘ವೀರ, ದೃಢ, ಕರುಣಾಳು’ ಎಂಬ ಅರ್ಥದ ಆ ಪದಗಳನ್ನು 1947ರಲ್ಲಿ ನೆದರ್ಲೆಂಡ್ಸ್‌ನ ರಾಣಿ ವಿಲ್ಹೆಲ್ಮಿನಾ ಸೇರಿಸಿದರು. 1941ರ ಫೆಬ್ರವರಿಯಲ್ಲಿ ನಾಜಿಗಳು ಯಹೂದಿ ಯುವಕರನ್ನು ಬೀದಿಯಿಂದ ಎಳೆದೊಯ್ದಾಗ ಟ್ರಾಮ್ ನಡೆಸುವವರು, ಬಂದರಿನ ಕೂಲಿಗಳು ಕೆಲಸ ನಿಲ್ಲಿಸಿ ಮುಷ್ಕರ ಹೂಡಿದ್ದರು. ಯುದ್ಧಕಾಲದಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಜನ ನಡೆದುಕೊಂಡ ರೀತಿಗೆ ಸಂದ ಗೌರವವದು. ಕಿರೀಟ ರಾಜನೊಬ್ಬನ ಕೊಡುಗೆ. ಆ ಮೂರು ಪದಗಳನ್ನು ಊರಿನವರು ಜೀವ ಒತ್ತೆಯಿಟ್ಟು ಗಳಿಸಿಕೊಂಡರು. ಲೇಖನ ತಿದ್ದುವಾಗ ಅವನ್ನು ದಯವಿಟ್ಟು ಸೇರಿಸಿ.